ಹೊಗಳಿದರೆ ಹೌದೆನ್ನಬಾರದು

ಝೆನ್‌ಜಿಯಾಂಗ್
14 ಸೆಪ್ಟೆಂಬರ್ 1998

ಮಗಳು ಯುನ್‌ಶಿಯಾಗೆ,

ಮಗು ಯಾಯಾ ಕ್ಷೇಮ. ಕಾಗದ ಒಡೆಯುವಾಗಲೇ ನಿನ್ನ ಎದೆ ಹೊಡೆದುಕೊಳ್ಳಬಾರದೆಂದು ಇದನ್ನೇ ಮೊದಲು ಬರೆದೆ. ಹೆರಿಗೆಯಾಗುವವರೆಗೆ ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದ್ದಾರಲ್ಲ, ಹಾಗಾದರೆ ಇದನ್ನೂ ಮಲಗಿಕೊಂಡೇ ಓದು. ನನ್ನ ಓದು ನಾಲ್ಕನೇ ತರಗತಿಗೆ ನಿಂತದ್ದು ನಿನಗೆ ಗೊತ್ತೇ ಇದೆ. ಬಾರದ ಅಕ್ಷರದ ಜಾಗದಲ್ಲಿ ಸೊನ್ನೆ ಸುತ್ತಿದ್ದೇನೆ, ನೀನೇ ತುಂಬಿಕೋ.

ರಸೆಲ್ ಮೂರು ದಿನ ಇದ್ದು ಮಗುವನ್ನು ಒಪ್ಪಿಸಿ ಹೋದ. ಅಳಿಯನಿಗೆ ನಮ್ಮ ಮಂಚ ಗಿಡ್ಡವಾಯಿತು, ಕಾಲು ಹೊರಗೆ ಚಾಚಿಕೊಂಡು ಮಲಗುತ್ತಿದ್ದ. ಶೀತವಾಯಿತೋ ಏನೋ, ವಿಚಾರಿಸು. ಹೊರಡುವಾಗ ನಿನ್ನ ಷರತ್ತುಗಳನ್ನು ಅವನ ಮುರುಕು ಚೀನೀ ಭಾಷೆಯಲ್ಲಿ ನಗುನಗುತ್ತಲೇ ಹೇಳಿದ. ಹೊಡೆಯಬಾರದು. ಕೂಗಬಾರದು. ಬೇಡ ಎಂದದ್ದನ್ನು ಬಲವಂತ ಮಾಡಬಾರದು. ಮಗು ಒಂದು ಸಲ ಫೋನಿನಲ್ಲಿ ಮನೆಗೆ ಬರುತ್ತೇನೆ ಎಂದರೂ ಸಾಕು, ಅದೇ ವಾರ ಬಂದು ಕರೆದುಕೊಂಡು ಹೋಗುತ್ತಾನಂತೆ. ಆಗಲಿ ಎಂದೆ. ಆಗದು ಎನ್ನುವುದಕ್ಕೆ ನಾನು ಯಾರು? ನೀನು ಬಂದುಹೋಗಿ ಏಳು ವರ್ಷವಾಯಿತು. ಈ ಮನೆಯಲ್ಲಿ ಇನ್ನೊಂದು ಬಟ್ಟಲು ತೊಳೆದಿಡುವುದೇ ನನಗೆ ದೊಡ್ಡದು. ಜುಲೈವರೆಗೆ, ಶಾಲೆಯ ವರ್ಷ ಮುಗಿಯುವವರೆಗೆ ಅವಳು ಇರಲಿ ಎಂದಷ್ಟೇ ನನ್ನ ಆಸೆ.

ಯಾಯಾಳನ್ನು ಮೂರನೇ ತರಗತಿಗೆ ಸೇರಿಸಿಕೊಂಡರು. ಮಾತು ಚೆನ್ನಾಗಿ ಬರುತ್ತದೆ, ಬರೆಯುವುದು ಹಿಂದೆ. ಮೀನು ಮುಟ್ಟುವುದಿಲ್ಲ, ಮುಳ್ಳಿಗೆ ಹೆದರುತ್ತಾಳೆ. ಮೊದಲ ದಿನವೇ ಎದ್ದು ನಿಂತು ಟೀಚರನ್ನು ‘ಯಾಕೆ?’ ಎಂದು ಕೇಳಿದಳಂತೆ. ಇಡೀ ತರಗತಿ ಹಿಂದೆ ತಿರುಗಿ ನೋಡಿತಂತೆ. ಸಂಜೆ ಕಾಂಗ್ ಟೀಚರ್ ಗೇಟಿನಲ್ಲಿ ನನ್ನನ್ನು ನಿಲ್ಲಿಸಿ, “ಚೂಟಿ ಹುಡುಗಿ ಅಜ್ಜಿ. ಆದ್ರೆ ಒಂದು ಕಡೆ ಕೂರಲ್ಲ,” ಎಂದರು. ನನಗೆ ಅಂದು ಊಟ ಸೇರಲಿಲ್ಲ.

ಇನ್ನೊಂದು ವಿಷಯ. ಚಳಿಗಾಲದ ಹಗ್ಗ ಹಾರುವ ಸ್ಪರ್ಧೆ ನಿನಗೆ ನೆನಪಿರಬೇಕು. ಇಬ್ಬರು ಉದ್ದ ಹಗ್ಗ ತಿರುಗಿಸುತ್ತಾರೆ, ತರಗತಿಯ ಮಕ್ಕಳೆಲ್ಲ ಸಾಲಾಗಿ ಒಬ್ಬರ ಹಿಂದೊಬ್ಬರು ನುಗ್ಗಿ ಹಾರಿ ಆಚೆ ಹೋಗಬೇಕು. ಒಬ್ಬರು ಎಡವಿದರೆ ಎಲ್ಲರ ಹಗ್ಗ ನಿಲ್ಲುತ್ತದೆ. ಡಿಸೆಂಬರಿನಲ್ಲಿ ಸ್ಪರ್ಧೆ. ಯಾರನ್ನೂ ಬಿಡುವಂತಿಲ್ಲ. ನಿನ್ನ ಮಗಳಿಗೆ ಹಗ್ಗ ಹಾರಲು ಬರುವುದೇ ಇಲ್ಲ! ಒಂಬತ್ತು ವರ್ಷದ ಮಗು! ನಾಳೆಯಿಂದ ಶಾಲೆಗೆ ಮೊದಲು ಸೈಕಲ್ ಶೆಡ್ಡಿನ ಹತ್ತಿರ ಅಭ್ಯಾಸ ಮಾಡಿಸುತ್ತೇನೆ. ಇದು ಬಲವಂತ ಅಲ್ಲ ತಾನೇ?

ಅಮ್ಮ


ಕೊಲಂಬಸ್
3 ಅಕ್ಟೋಬರ್ 1998

ಅಮ್ಮ,

ಮಲಗಿಕೊಂಡೇ ಓದಿದೆ. ಬರೆಯುತ್ತಿರುವುದೂ ಮಲಗಿಕೊಂಡೇ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಅದು ಬಲವಂತವೇ. ಹಗ್ಗ ಬೇಡ ಅಮ್ಮ. ಇಲ್ಲಿ ಯಾಯಾ ಈಜಿಗೆ ಸೇರಿದಳು, ಬಿಟ್ಟಳು. ನೃತ್ಯಕ್ಕೆ ಸೇರಿದಳು, ಬಿಟ್ಟಳು. ಫುಟ್ಬಾಲಿಗೆ ಬೂಟು ತಂದೆವು, ಅದು ಸವೆಯುವ ಮೊದಲೇ ಬಿಟ್ಟಳು. ನಾವು ಏನೂ ಅನ್ನಲಿಲ್ಲ. ಒಂದು ದಿನ ಯಾವುದೋ ಒಂದು ತಾನಾಗಿ ಅವಳನ್ನು ಹಿಡಿದುಕೊಳ್ಳುತ್ತದೆ ಎನ್ನುತ್ತಾನೆ ರಸೆಲ್. ಅವನ ತಾಯಿ ನಾಲ್ಕು ಗಂಡುಮಕ್ಕಳನ್ನು ಹಾಗೆಯೇ ಬೆಳೆಸಿದರು. ಹಬ್ಬಕ್ಕೆ ನಾಲ್ವರೂ ಬರುತ್ತಾರೆ. ತಾಯಿಯನ್ನು ಎತ್ತಿಕೊಂಡು ಕುಣಿಯುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಅವಳು ಏನು ಮಾಡಿದರೂ ಮೊದಲು ‘ಚೆನ್ನಾಗಿದೆ’ ಅನ್ನು. ತಿದ್ದುವುದೇನಿದ್ದರೂ ಆಮೇಲೆ. ಇಲ್ಲಿಯ ಮಕ್ಕಳು ಆ ಮಾತಿನ ಮೇಲೆ ಬೆಳೆದವರು.

ನಾನು ಆ ಮನೆಯಲ್ಲಿ ಎಷ್ಟು ವರ್ಷ ಓದಿದೆ! ದೀಪದ ಆ ಕಡೆ ನೀನು, ಈ ಕಡೆ ನಾನು. ಒಂದು ಸಲವಾದರೂ ನೀನು

ಹೋಗಲಿ ಬಿಡು. ಹಾಸಿಗೆ ಹಿಡಿದವರಿಗೆ ಬೇಡದ್ದೆಲ್ಲ ನೆನಪಾಗುತ್ತದೆ. ನಿನ್ನ ಕೆಮ್ಮು ಹೇಗಿದೆ?

ಯುನ್‌ಶಿಯಾ


ಝೆನ್‌ಜಿಯಾಂಗ್
27 ಅಕ್ಟೋಬರ್ 1998

ಮಗಳಿಗೆ,

ಕೆಮ್ಮು ಇದೆ, ಇರಲಿ. ವಿನೆಗರ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಹುಳಿಗಾಳಿ ಕುಡಿದವಳಿಗೆ ಕೆಮ್ಮು ನೆಂಟನಿದ್ದ ಹಾಗೆ. ನಿನ್ನ ಕಾಲು ಊದಿದೆಯೇ? ಮಗು ಒದೆಯುತ್ತದೆಯೇ? ರಸೆಲ್‌ಗೆ ಗಂಜಿ ಮಾಡಲು ಬರುತ್ತದೆಯೇ? ಕೇಳಿದ್ದಕ್ಕೆ ಒಂದೊಂದಾಗಿ ಉತ್ತರ ಬರೆ. ನೀನು ಯಾವಾಗಲೂ ಅರ್ಧ ಬರೆದು ಬಿಟ್ಟುಬಿಡುತ್ತೀಯ.

ನೀನು ಹೇಳಿದ ಹಾಗೆ ಮಾಡಿ ನೋಡಿದೆ. ಸುಳ್ಳಲ್ಲ. ನಿನ್ನ ಕಾಗದ ಬಂದ ಮರುದಿನ ಯಾಯಾ ಹಗ್ಗ ಹಿಡಿದು ಎರಡು ಸಲ ಹಾರಿ ಮೂರನೆಯದಕ್ಕೆ ಸಿಕ್ಕಿಕೊಂಡಳು. ನಾನು ಹಲ್ಲು ಕಚ್ಚಿಕೊಂಡು, “ಚೆನ್ನಾಗಿದೆ,” ಎಂದೆ. ಅವಳು ಹಗ್ಗ ಮಡಿಸಿ ನನ್ನ ಕೈಗೆ ಕೊಟ್ಟಳು.

“ಯಾಕೆ, ಏನಾಯ್ತು?”

“ಚೆನ್ನಾಗಿದೆ ಅಂದ್ಯಲ್ಲ ಅಜ್ಜಿ. ಮುಗೀತಲ್ಲ.”

ಈಗ ನೀನೇ ಹೇಳು, ನಾನು ಏನು ಮಾಡಲಿ? ಮರುದಿನದಿಂದ ನನ್ನ ದಾರಿಯೇ ಹಿಡಿದೆ. ಹೊಡೆದಿಲ್ಲ. ಕೂಗಿಯೂ ಇಲ್ಲ, ಜೋರಾಗಿ ಮಾತಾಡಿದ್ದೇನೆ. ಹಗ್ಗದ ಒಂದು ತುದಿ ಶೆಡ್ಡಿನ ಕಂಬಕ್ಕೆ ಕಟ್ಟಿ, ಇನ್ನೊಂದು ನಾನು ಹಿಡಿದು ತಿರುಗಿಸುತ್ತೇನೆ. ಅವಳು ಹಾರಬೇಕು.

“ಅಜ್ಜಿ, ನಂಗಿದು ಇಷ್ಟ ಇಲ್ಲ.”

“ಇಷ್ಟ ಪಡು ಅಂತ ಯಾರಂದ್ರು? ಹಾರು ಅಂದೆ.”

“ಅಮ್ಮ ಆಗಿದ್ರೆ ಬಿಟ್ಬಿಡು ಅಂತಿದ್ಲು.”

“ಅಮ್ಮ ಅಲ್ಲಿದಾಳೆ. ಹಗ್ಗ ಇಲ್ಲಿದೆ.”

“ನೀನೇ ಹಾರಿ ತೋರ್ಸು ನೋಡೋಣ!”

ಹಾರಿದೆ ಕಣೆ. ಈ ವಯಸ್ಸಿನಲ್ಲಿ, ಹತ್ತಿಯ ಕೋಟು ಹಾಕಿಕೊಂಡು. ಕಿಟಕಿಗಳೆಲ್ಲ ತೆರೆದವು. ಕೆಳಮನೆಯ ಮಾ ಅಕ್ಕ ಸೋಯಾ ಹಾಲಿನ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತು, “ತಾಂಗ್ ಅಕ್ಕಾ, ಮೊಣಕಾಲು ನಿಮ್ದೇನಾ, ಇಲ್ಲಾ ಕಾರ್ಖಾನೆಯವ್ರು ಕೊಟ್ಟಿದ್ದಾ? ಇಷ್ಟು ಧೈರ್ಯವಾಗಿ ಮುರ್ಕೊಳ್ತಿದ್ದೀರಲ್ಲ!” ಎಂದಳು. ಯಾಯಾ ನೆಲದ ಮೇಲೆ ಕೂತು ನಕ್ಕಳು. ಈ ಊರಿಗೆ ಬಂದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ನಕ್ಕು ಎದ್ದು ಬಂದು ಕೇಳಿದಳು:

“ಅಜ್ಜಿ, ನಾನ್ಯಾಕೆ ಇದನ್ನ ಕಲೀಲೇಬೇಕು?”

“ನೀನು ಎಡವಿದ್ರೆ ಎಲ್ರ ಹಗ್ಗಾನೂ ನಿಲ್ಲತ್ತೆ, ಅದಕ್ಕೆ.”

“ಅದನ್ನ ಮೊದ್ಲೇ ಹೇಳ್ಬೇಕಿತ್ತು ತಾನೇ?” ಎಂದು ಹಗ್ಗದೊಳಗೆ ನುಗ್ಗಿದಳು. ಅಂದಿನಿಂದ ತಕರಾರಿಲ್ಲ. ಮೊಣಕಾಲ ಕೆಳಗೆ ಹಗ್ಗದ ಬರೆ ಬಿದ್ದಿದೆ, ನಾನು ಹೊಡೆದದ್ದೆಂದು ತಿಳಿಯಬೇಡ. ಬಿಸಿನೀರಿನ ಬಟ್ಟೆ ಒತ್ತುತ್ತೇನೆ.

ಈ ಮಗುವಿಗೆ ಕಾರಣ ಹೇಳಿದರೆ ಸಾಕು ಕಣೆ, ಅರ್ಧ ಕೆಲಸ ಆದ ಹಾಗೆ. ನೀನು ಯಾವತ್ತೂ ಕಾರಣ ಕೇಳಿದವಳಲ್ಲ. ಇದನ್ನು ನೀನೇ ಅವಳಿಗೆ ಕಲಿಸಿದ್ದೇ, ಅಥವಾ ಆ ದೇಶದ ನೀರಿನ ಗುಣವೇ? ರಾತ್ರಿಯೆಲ್ಲ ಇದೇ ಯೋಚನೆ.

ಅಮ್ಮ


ಝೆನ್‌ಜಿಯಾಂಗ್
21 ನವೆಂಬರ್ 1998, ಶನಿವಾರ

ಯುನ್‌ಶಿಯಾ,

ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ವಿಷಯ ಹಳೆಯದಾಗಿರುತ್ತದೆ. ನಾಳೆ ಭಾನುವಾರ, ನಿನ್ನ ಫೋನು ಬರುತ್ತದೆ, ಮಗು ಹೇಳಿಬಿಡುತ್ತಾಳೆ. ಆದರೂ ನನ್ನ ಕಡೆಯದನ್ನೂ ನೀನು ಕೇಳಬೇಕೆಂದು ಬರೆಯುತ್ತಿದ್ದೇನೆ.

ಗುರುವಾರ ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಮಕ್ಕಳ ಸಣ್ಣ ಬೆಂಚಿನಲ್ಲಿ ನಾವೆಲ್ಲ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದೆವು. ಕಾಂಗ್ ಟೀಚರ್ ಎಲ್ಲರ ಮುಂದೆ ನನ್ನನ್ನು ಎಬ್ಬಿಸಿದರು.

“ಯಾಯಾ ಅಜ್ಜಿ ಇವ್ರೇ. ಸೆಪ್ಟೆಂಬರಲ್ಲಿ ಹಗ್ಗ ಕಂಡ್ರೆ ಓಡ್ತಿದ್ದ ಹುಡುಗಿ ಈಗ ಸಾಲಲ್ಲಿ ಒಂದ್ಸಲಾನೂ ಎಡವಲ್ಲ. ಎಷ್ಟು ಬದಲಾಗಿದಾಳೆ! ಎಲ್ರೂ ನೋಡಿ ಕಲೀಬೇಕು.”

ಅಷ್ಟು ಜನರ ಕಣ್ಣು ನನ್ನ ಮೇಲೆ. ಅಲ್ಲಿ ಏನು ಹೇಳಬೇಕೋ ಅದನ್ನೇ ಹೇಳಿದೆ.

“ಅಯ್ಯೋ, ಎಲ್ಲಿ ಬಂತು ಬಿಡಿ ಟೀಚರ್! ಮಂಕು ಹುಡುಗಿ ಅದು. ಅದರ ಕಾಲು ಕಾಲಲ್ಲ, ಕೊರಡು. ಎಲ್ಲಾ ನಿಮ್ಮ ಪುಣ್ಯ. ತರಗತಿ ಮರ್ಯಾದೆ ಕಳೀದೇ ಇದ್ರೆ ಸಾಕಾಗಿದೆ ನಂಗೆ.”

ಇದರಲ್ಲಿ ತಪ್ಪೇನಿದೆ ಹೇಳು? ಎಲ್ಲರೂ ಹೇಳುವುದು ಇದನ್ನೇ. ನನ್ನ ಹಿಂದೆ ಎದ್ದ ತರಗತಿ ನಾಯಕಿಯ ಅಪ್ಪ ತನ್ನ ಮಗಳನ್ನು ಕತ್ತೆ ಎಂದ. ಅವಳೇ ಶಾಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾರುವವಳು. ಯಾರಾದರೂ ಹೊಗಳಿದಾಗ ಹೌದು ಎನ್ನುವವರು ಈ ಊರಿನಲ್ಲಿ ಇದ್ದಾರೆಯೇ?

ಮಕ್ಕಳು ಹೊರಗೆ ಜಗಲಿಯಲ್ಲಿ ನಿಂತಿದ್ದರು. ಕಿಟಕಿ ತೆರೆದಿತ್ತು. ದಾರಿಯಲ್ಲಿ ಯಾಯಾ ನನ್ನ ಕೈ ಹಿಡಿಯಲಿಲ್ಲ. ಸೇತುವೆ ದಾಟುವಾಗ ಕೇಳಿದಳು, “ಅಜ್ಜಿ, ನನ್ನ ಕಾಲು ಕೊರಡಾ?” ತಮಾಷೆ ಮಾಡುತ್ತಿದ್ದಾಳೆಂದು ನಾನು ನಕ್ಕುಬಿಟ್ಟೆ. ನಗಬಾರದಿತ್ತು.

ಶುಕ್ರವಾರ ಬೆಳಿಗ್ಗೆ ಎಬ್ಬಿಸಿದರೆ ಗೋಡೆ ಕಡೆ ತಿರುಗಿ ಮಲಗಿದಳು. “ಮಂಕು ಹುಡುಗಿ ಹಾರಿ ಏನಾಗ್ಬೇಕು?” ಎಂದಳು. ಶಾಲೆಯಲ್ಲಿ ಸಾಲಿನಲ್ಲಿ ನಾಲ್ಕು ಸಲ ಎಡವಿದಳಂತೆ. ಸಂಜೆ ನಾನು ಒಳಗೆ ಬರುವಾಗ ಮಂಚದ ಕೆಳಗಿನ ನೀಲಿ ಸೂಟ್‌ಕೇಸು ಎಳೆದು ಅದರ ಮೇಲೆ ಕೂತಿದ್ದಳು. ತೆರೆದಿರಲಿಲ್ಲ.

ಮಾ ಅಕ್ಕನ ಹತ್ತಿರ ಹೋದೆ.

“ಒಂದ್ ಮಾತು ಹೊಗಳಿಬಿಡಿ ಅಕ್ಕ,” ಎಂದಳು.

“ಮುಖದ ಮೇಲೇನಾ? ಮಗು ಕೆಟ್ಟೋಗಲ್ವಾ?”

“ಕೆಟ್ಟೋಗೋಕೆ ಮಗು ಇಲ್ಲಿದ್ರೆ ತಾನೇ!”

ಅದೂ ನಿಜವೇ. ಮೆಟ್ಟಿಲು ಹತ್ತುತ್ತ ಮಾತು ಜೋಡಿಸಿಕೊಂಡೆ. ನೀನು ಚೆನ್ನಾಗಿ ಹಾರುತ್ತೀಯ, ನೀನು ಮಂಕಲ್ಲ, ಅಜ್ಜಿ ಸುಮ್ಮನೆ ಜನರ ಮುಂದೆ ಹಾಗಂದದ್ದು. ಬಾಗಿಲಲ್ಲಿ ನಿಂತು ಬಾಯಿ ತೆರೆದೆ. “ನಾಳೆ ಮಳೆ ಬರಬಹುದು, ಕೊಡೆ ತಗೊಂಡು ಹೋಗು,” ಎಂದು ಬಂತು. ಮರುದಿನ ಶನಿವಾರ, ಶಾಲೆಯೇ ಇಲ್ಲ.

ಫೋನಿನ ವೈರು ಕಿತ್ತುಬಿಡಲೇ ಎಂದೂ ಒಂದು ಕ್ಷಣ ಅನ್ನಿಸಿತು. ಕೀಳುವುದಿಲ್ಲ. ಕೊಟ್ಟ ಮಾತು ಮಾತೇ. ರಸೆಲ್ ಬರುವುದಾದರೆ ದಪ್ಪ ಕೋಟು ತರಲಿ, ಇಲ್ಲಿ ಚಳಿ ಶುರುವಾಗಿದೆ. ನೀನು ಅಳಬೇಡ, ಹೊಟ್ಟೆಯಲ್ಲಿರುವ ಮಗುವಿಗೆ ಆಗದು.

ಅಮ್ಮ


ಕೊಲಂಬಸ್
23 ನವೆಂಬರ್ 1998

ಅಮ್ಮ,

ನಿನ್ನ ಕಾಗದ ಬಂದಿಲ್ಲ. ನಡೆದದ್ದನ್ನು ನಿನ್ನೆ ಯಾಯಾಳೇ ಫೋನಿನಲ್ಲಿ ಹೇಳಿದಳು. ನಾನು ಮುಂದೆ ಏನು ಹೇಳಿದೆ ಎಂದು ನಿನಗೆ ತಿಳಿದಿರಲಾರದು. ನಾವು ಇಂಗ್ಲಿಷಿನಲ್ಲಿ ಮಾತಾಡಿದೆವು, ನೀನು ಬಾಗಿಲ ಹತ್ತಿರ ನಿಂತಿದ್ದೆಯಂತೆ.

ಅವಳು ಕೇಳಿದ್ದು ಇಷ್ಟೇ. “ಅಜ್ಜಿ ಎಲ್ಲರ ಮುಂದೆ ನನ್ನನ್ನು ಮಂಕು ಅಂದಳು. ಅದು ನಿಜವಾ? ನಿಜ ಆದರೆ ನಾನು ಮನೆಗೆ ಬರುತ್ತೇನೆ.” ರಸೆಲ್ ಆಗಲೇ ಟಿಕೆಟ್ಟಿಗೆ ಫೋನು ಮಾಡಲೆಂದು ಪಕ್ಕದ ಮನೆಗೆ ಹೊರಟಿದ್ದ. ತಾಳು ಎಂದೆ. ಆಮೇಲೆ ಅವಳಿಗೆ ಒಂದು ಕಥೆ ಹೇಳಿದೆ.

ನನ್ನ ಕಾಲೇಜು ಪ್ರವೇಶ ಪರೀಕ್ಷೆಯ ಫಲಿತಾಂಶ ಬಂದ ದಿನ. ನಮ್ಮ ಊರಿಗೇ ಮೊದಲು. ವಠಾರದವರೆಲ್ಲ ಮೆಟ್ಟಿಲ ಮೇಲೆ ನಿಂತಿದ್ದರು. ನೀನು ಕೈ ಒರೆಸಿಕೊಂಡು ಹೊರಗೆ ಬಂದು, “ಎಲ್ಲಿ ಬಂತು ಬಿಡಿ, ಪ್ರಶ್ನೆಪತ್ರಿಕೆ ಸುಲಭ ಇತ್ತು. ಇವಳ ತಲೇಲಿ ಏನಿದೆ, ಹುಲ್ಲು,” ಎಂದೆ. ನಾನು ಬಾಗಿಲ ಹಿಂದೆ ಇದ್ದೆ. ಆ ಸಂಜೆ ನೀನು ಇಡೀ ಮೀನು ತಂದು ಬೇಯಿಸಿದೆ. ಹಬ್ಬಕ್ಕಲ್ಲದೆ ನಮ್ಮ ಮನೆಗೆ ಇಡೀ ಮೀನು ಬಂದದ್ದು ನನಗೆ ನೆನಪಿಲ್ಲ. ಮೀನಿನ ಎರಡೂ ಕೆನ್ನೆಯ ಮಾಂಸ ಬಿಡಿಸಿ ನನ್ನ ಬಟ್ಟಲಿಗೆ ಹಾಕಿ, “ಮುಳ್ಳು ನೋಡ್ಕೊಂಡು ತಿನ್ನು,” ಎಂದೆ. ಅಷ್ಟೇ.

ಯಾಯಾ ಕೇಳಿದಳು, “ಹಾಗಾದ್ರೆ ಮೀನು ಅಂದ್ರೆ ಚೆನ್ನಾಗಿದೆ ಅಂತಾನಾ?” ಹೌದು ಎಂದೆ. ಇಷ್ಟು ವರ್ಷ ನಾನು ಹುಲ್ಲನ್ನು ಮಾತ್ರ ನೆನಪಿಟ್ಟುಕೊಂಡಿದ್ದೆ. ಮಗಳಿಗೆ ನಿನ್ನನ್ನು ತಿಳಿಸಿ ಹೇಳಲು ಹೋಗಿ ಮೀನು ನೆನಪಾಯಿತು.

ಇನ್ನೊಂದು ಹೇಳಬೇಕು. ಎರಡನೇ ಪಾಳಿ ಮುಗಿಸಿ ಬಂದು, ನಾನು ಪುಸ್ತಕ ಮುಚ್ಚುವವರೆಗೆ ನೀನು ದೀಪದ ಎದುರು ಕೂತಿರುತ್ತಿದ್ದೆ. ನಿನಗೆ ಆ ಪುಸ್ತಕದ ಒಂದು ಸಾಲೂ ಅರ್ಥವಾಗುತ್ತಿರಲಿಲ್ಲ. ಕಾವಲು ಎಂದುಕೊಂಡಿದ್ದೆ. ನಾನು ಯಾಯಾಳ ಎದುರು ಹಾಗೆ ಒಂದು ಸಂಜೆಯೂ ಕೂತಿಲ್ಲ. ಅವಳು ಚಿತ್ರ ತಂದು ತೋರಿಸಿದರೆ ಒಲೆಯ ಮುಂದೆ ನಿಂತು, ತಿರುಗಿ ನೋಡದೆ, ‘ಚೆನ್ನಾಗಿದೆ’ ಎಂದು ಕೂಗುತ್ತೇನೆ.

ಟಿಕೆಟ್ಟು ತೆಗೆಯಲಿಲ್ಲ. ಎರಡು ವಾರ ನೋಡುತ್ತಾಳಂತೆ. ಆದರೆ ಅಮ್ಮ, ಅವಳು ನನ್ನ ಹಾಗಲ್ಲ. ಮೀನು ಓದಲು ಅವಳಿಗೆ ಬಾರದು. ಅವಳಿಗೆ ಬಾಯಿಬಿಟ್ಟು ಹೇಳು.

ಯುನ್‌ಶಿಯಾ


ಝೆನ್‌ಜಿಯಾಂಗ್
20 ಡಿಸೆಂಬರ್ 1998

ಯುನ್‌ಶಿಯಾ,

ಟಿಕೆಟ್ಟು ತೆಗೆಯಲಿಲ್ಲ ಎಂಬುದನ್ನು ಕಾಗದದ ಮೊದಲ ಸಾಲಿನಲ್ಲೇ ಬರೆಯಬಾರದಿತ್ತೇ? ಕೊನೆಗೆ ಬರುವಷ್ಟರಲ್ಲಿ ನನ್ನ ಜೀವ ಅರ್ಧವಾಗಿತ್ತು.

ಆ ಭಾನುವಾರ ರಾತ್ರಿ ಮೊಟ್ಟೆ, ಎಲೆಕೋಸು ಮಾಡಿದ್ದೆ. ಯಾಯಾ ಬಟ್ಟಲು ಕೆದಕಿ ನೋಡಿದಳು. “ಮೀನಿಲ್ವಾ ಅಜ್ಜಿ?”

“ನೀನು ಮೀನು ತಿನ್ನಲ್ವಲ್ಲ!”

ಇದ್ದದ್ದನ್ನೇ ತಿಂದಳು. ಮರುದಿನವೂ ಕೇಳಿದಳು. ಅದರ ಮರುದಿನವೂ. ಮಗುವಿಗೆ ಏನೋ ಆಗಿದೆ, ಹೊಟ್ಟೆಯಲ್ಲಿ ಹುಳು ಇರಬೇಕೆಂದು ಔಷಧಿ ಅಂಗಡಿಗೂ ಹೋಗಿ ಬಂದೆ. ಕಿಟಕಿಯಿಂದ ಎತ್ತರದ ಮನುಷ್ಯ ಯಾರು ಕಂಡರೂ ರಸೆಲ್ ಬಂದ ಎಂದು ಎದ್ದು ನಿಲ್ಲುತ್ತಿದ್ದೆ, ಭಾನುವಾರದ ಫೋನಿನಲ್ಲಿ ನಿನ್ನನ್ನು ಕೇಳಲು ಮಾತ್ರ ಧೈರ್ಯ ಬರಲಿಲ್ಲ. ನಿನ್ನ ಕಾಗದ ಬಂದ ದಿನ ಓದಿ ಮುಗಿಸಿ, ಮನೆಯ ಚಪ್ಪಲಿಯಲ್ಲೇ ಮಾರುಕಟ್ಟೆಗೆ ಓಡಿದೆ. ಮೀನಿನವನು, “ಏನಜ್ಜಿ, ಮನೇಲಿ ಮದುವೇನಾ?” ಎಂದ.

ಎರಡೂ ಕೆನ್ನೆ ಬಿಡಿಸಿ ಅವಳ ಬಟ್ಟಲಿಗೆ ಹಾಕಿದೆ. ಅವಳು ಬಟ್ಟಲು ನೋಡಿದಳು, ನನ್ನ ಮುಖ ನೋಡಿದಳು. ಬಾಯಿಬಿಟ್ಟು ಹೇಳು ಎಂದು ನೀನು ಬರೆದಿದ್ದೆಯಲ್ಲ. ತಲೆ ಎತ್ತಲು ನನ್ನಿಂದ ಆಗಲಿಲ್ಲ. ತಟ್ಟೆಯಲ್ಲಿದ್ದ ಮೀನನ್ನೇ ನೋಡುತ್ತ, “ಚೆನ್ನಾಗಿ ಹಾರ್ತೀಯ,” ಎಂದೆ.

“ನಂಗೆ ಹೇಳಿದ್ದಾ ಅಜ್ಜಿ?”

“ಇನ್ಯಾರಿಗೆ? ಮೀನಿಗಾ?”

ಮರುದಿನ ಬೆಳಿಗ್ಗೆ ನನಗಿಂತ ಮೊದಲು ಎದ್ದು ಕಂಬಕ್ಕೆ ಹಗ್ಗ ಕಟ್ಟಿದ್ದಳು. ಗಂಟು ಸಡಿಲವಿತ್ತು. ಬಿಗಿಮಾಡಿದೆ, ಬೈಯಲಿಲ್ಲ. ಸ್ವಲ್ಪ ಬೈದೆ.

ಸ್ಪರ್ಧೆ ಮೊನ್ನೆ ಶುಕ್ರವಾರ ಆಯಿತು. ಹೇಳುತ್ತೇನೆ ಕೇಳು. ಮೈದಾನದ ಸುತ್ತ ಅಪ್ಪ ಅಮ್ಮ ಅಜ್ಜ ಅಜ್ಜಿಯರು. ಒಂದು ಮಗುವಿಗೆ ಆರು ಜನ. ಹಗ್ಗ ತಿರುಗಿತು, ನಮ್ಮ ಮಕ್ಕಳು ಸಾಲಾಗಿ ನುಗ್ಗಿ ಹಾರಿ ಆಚೆ ಹೋಗುತ್ತಿದ್ದರು. ಯಾಯಾ ತರಗತಿ ನಾಯಕಿಯ ಹಿಂದೆಯೇ ಇದ್ದಳು. ನನಗೆ ನೋಡಲಾಗದೆ ಮಾ ಅಕ್ಕನ ತೋಳು ಹಿಡಿದು ಕಣ್ಣು ಮುಚ್ಚಿಕೊಂಡಿದ್ದೆ. ಧಪ್ ಎಂಬ ಸದ್ದಾಯಿತು. ಎಲ್ಲರೂ ಅಯ್ಯೋ ಎಂದರು. ಯಾಯಾಳೇ ಎಂದುಕೊಂಡೆ.

ಬಿದ್ದವಳು ನಾಯಕಿ. ಒಂದು ದಿನವೂ ಎಡವದ ಹುಡುಗಿ. ಹಗ್ಗ ಕಾಲಿಗೆ ಸುತ್ತಿಕೊಂಡು ನೆಲದ ಮೇಲೆ ಕೂತಿದ್ದಾಳೆ, ಏಳುತ್ತಿಲ್ಲ, ಅಳುತ್ತಲೂ ಇಲ್ಲ, ಮುಖ ಸುಣ್ಣದ ಹಾಗಾಗಿದೆ. ಸಾಲಿನ ಮಕ್ಕಳು ಕಲ್ಲಿನಂತೆ ನಿಂತುಬಿಟ್ಟರು. ಅವಳ ಅಪ್ಪ, “ಏಳೇ ಕತ್ತೆ!” ಎಂದು ಕೂಗುತ್ತಿದ್ದಾನೆ. ಅಷ್ಟರಲ್ಲಿ ನಿನ್ನ ಮಗಳು ಬಗ್ಗಿ ಅವಳ ಕಾಲಿನಿಂದ ಹಗ್ಗ ಬಿಡಿಸಿದಳು. ಕೈ ಹಿಡಿದು ಎಬ್ಬಿಸಿ, ಬೆನ್ನು ತಟ್ಟಿ, ನಗುತ್ತ, “ಪರವಾಗಿಲ್ಲ, ಪರವಾಗಿಲ್ಲ, ನಾನು ದಿನಾ ಬೀಳ್ತಿದ್ದೆ!” ಎಂದಳು. ಆಮೇಲೆ ಹಗ್ಗ ಹಿಡಿದವರತ್ತ ತಿರುಗಿ, “ತಿರುಗ್ಸಿ!” ಎಂದು ಕೂಗಿ ತಾನೇ ಮೊದಲು ನುಗ್ಗಿದಳು. ಸಾಲೆಲ್ಲ ಅವಳ ಹಿಂದೆ ಹೋಯಿತು. ಆ ನಾಯಕಿಯೂ.

ಮೂರನೆಯವರಾದೆವು. ಬಿದ್ದ ಮೇಲೂ ಮೂರನೆಯವರು! ಕಾಂಗ್ ಟೀಚರ್ ನನ್ನ ಹತ್ತಿರ ಬಂದು ಕೇಳಿದರು, “ಬಿದ್ದವರನ್ನ ಹಾಗೆ ಎಬ್ಬಿಸೋದು ಅವಳಿಗೆ ಯಾರು ಹೇಳಿಕೊಟ್ಟಿದ್ದು ಅಜ್ಜಿ?” ನಾನಲ್ಲ ಎಂದೆ. ಹಾರುವುದನ್ನು ನಾನು ಕಲಿಸಿದೆ. ಬಿದ್ದರೆ ಪರವಾಗಿಲ್ಲ ಎನ್ನುವ ಮಾತು ನನ್ನ ಬಾಯಿಂದ ಅವಳು ಕೇಳಿಯೇ ಇಲ್ಲ. ಅದು ಎಲ್ಲಿಂದ ಬಂತೆಂದು ನನಗೆ ಗೊತ್ತು.

ಸಂಜೆ ವಠಾರಕ್ಕೆ ಬಂದಾಗ ಮೆಟ್ಟಿಲ ಮೇಲೆ ಎಲ್ಲರೂ ಸೇರಿದ್ದರು. ಮಾ ಅಕ್ಕ ಜೋರಾಗಿ, “ತಾಂಗ್ ಅಕ್ಕಾ, ಏನ್ ಮೊಮ್ಮಗಳು ರೀ ನಿಮ್ದು! ಬಂಗಾರ!” ಎಂದಳು. ನಾಲಗೆ ತುದಿಯಲ್ಲಿ ಆ ಮಾತು ಬಂದು ನಿಂತಿತ್ತು ಕಣೆ, ನುಂಗಿದೆ. ಒಣ ಹಿಟ್ಟು ನುಂಗಿದ ಹಾಗಾಯಿತು. “ಹೌದು. ಚೆನ್ನಾಗಿ ಹಾರಿದ್ಲು. ಒಳ್ಳೇ ಹುಡುಗಿ,” ಎಂದೆ.

ಮೆಟ್ಟಿಲೆಲ್ಲ ಗಪ್‌ಚಿಪ್. ನಾನು ಯಾರಿಗೋ ಬೈದೆನೋ ಎನ್ನುವ ಹಾಗೆ ನೋಡಿದರು. ಮೇಲ್ಮನೆಯ ಮುದುಕ ಹುರಿಗಡಲೆ ಅಗಿಯುವುದನ್ನೇ ನಿಲ್ಲಿಸಿದ. ಆ ಮೌನದಲ್ಲಿ ಯಾಯಾ ನನ್ನ ಕೋಟಿನ ಹಿಂದಿನಿಂದ ತಲೆ ಹೊರಹಾಕಿ ಹೇಳಿದಳು:

“ಅಯ್ಯೋ, ಎಲ್ಲಿ ಬಂತು ಬಿಡಿ ಮಾ ಅಜ್ಜಿ! ನನ್ನ ಕಾಲು ಕೊರಡು!”

ವಠಾರ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಆಮೇಲೆ ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅಲ್ಲೇ ಇದ್ದೆ.

ಹೆರಿಗೆ ಹತ್ತಿರ ಬಂತು. ತಣ್ಣೀರು ಮುಟ್ಟಬೇಡ.

ಅಮ್ಮ


ಕೊಲಂಬಸ್
16 ಫೆಬ್ರವರಿ 1999

ಅಮ್ಮ,

ಗಂಡು ಮಗು ಎಂದು ಫೋನಿನಲ್ಲೇ ಹೇಳಿದೆವಲ್ಲ. ಫೋಟೋ ಇಟ್ಟಿದ್ದೇನೆ. ಮೂಗು ನಿನ್ನದು. ನಾನು ಎದ್ದು ಓಡಾಡುತ್ತಿದ್ದೇನೆ, ತಣ್ಣೀರನ್ನೂ ಮುಟ್ಟುತ್ತಿದ್ದೇನೆ, ಬೈದುಕೋ.

ಕಳೆದ ಭಾನುವಾರ ಯಾಯಾಳನ್ನು ಕೇಳಿದೆ. ನನಗೆ ಈಗ ಆರಾಮ, ತಮ್ಮನನ್ನು ನೋಡಬೇಕಲ್ಲ, ಅಪ್ಪ ಬಂದು ಕರೆದುಕೊಂಡು ಬರಲೇ ಎಂದೆ. ಅವಳು ಬಾಯಲ್ಲಿ ಏನನ್ನೋ ಅಗಿಯುತ್ತ, “ಈಗ ಹೇಗಮ್ಮ ಬರಲಿ? ನಾನು ಹೋದ್ರೆ ಮುಂದಿನ ಸ್ಪರ್ಧೆಗೆ ಸಾಲಲ್ಲಿ ಜಾಗ ಖಾಲಿ ಆಗತ್ತೆ. ನೀವೇ ಬನ್ನಿ,” ಎಂದಳು. ಯಾವುದನ್ನೂ ಮೂರು ತಿಂಗಳಿಗಿಂತ ಹೆಚ್ಚು ಹಿಡಿಯದ ಮಗು! ರಸೆಲ್ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಆಮೇಲೆ ಅವನೇ, “ನಿನ್ನ ತಾಯಿಯನ್ನು ನಮ್ಮ ಊರಿನ ಶಾಲೆಗೆ ಕರೆಸಬೇಕು,” ಎಂದ.

ಬರುತ್ತೇವೆ. ಜೂನ್ ಕೊನೆಗೆ, ನಾವು ಮೂವರೂ. ಆಗಸ್ಟ್‌ವರೆಗೆ ಇರುತ್ತೇವೆ.

ಅಮ್ಮ, ನಿನ್ನನ್ನು ಒಂದು ಕೇಳಬೇಕು. ಬೇಡ, ಬಂದಾಗ ಕೇಳುತ್ತೇನೆ.

ಯುನ್‌ಶಿಯಾ


ಝೆನ್‌ಜಿಯಾಂಗ್
7 ಮಾರ್ಚ್ 1999

ಮಗಳು ಯುನ್‌ಶಿಯಾಗೆ,

ಫೋಟೋ ಬಂತು. ಮೂಗು ನನ್ನದೇ, ಪಾಪ. ವಠಾರದವರಿಗೆ ತೋರಿಸಿದೆ. ಕೂಸನ್ನು ಮಾತ್ರ ಯಾರು ಹೊಗಳಿದರೂ ನಾನು ಒಪ್ಪಲಿಲ್ಲ, ಅದಿನ್ನೂ ಎಳೆಯದು, ಕಣ್ಣು ತಾಗೀತು.

ಬರುವುದಾದರೆ ರಸೆಲ್‌ಗೆ ಮಂಚ ಏನು ಮಾಡುವುದು? ಬಡಗಿಗೆ ಹೇಳಿ ಉದ್ದ ಮಾಡಿಸಲೇ? ಜುಲೈಯಲ್ಲಿ ಇಲ್ಲಿ ಬೆಂಕಿ. ಕೂಸಿಗೆ ಬೆವರುಗುಳ್ಳೆ ಏಳುತ್ತದೆ. ಸೊಳ್ಳೆಪರದೆ ಹೊಲಿಯಲು ಶುರುಮಾಡಿದ್ದೇನೆ. ಶಾಂಘೈಯಿಂದ ರೈಲಿನಲ್ಲಿ ಕಿಟಕಿ ಕಡೆ ಕೂರಬೇಡ. ಕೂಸಿಗೆ ಗಾಳಿ ಹೊಡೆಯುತ್ತದೆ.

ಕೇಳಬೇಕೆಂದು ಬರೆದು, ಬೇಡ ಎಂದು ಬಿಟ್ಟೆಯಲ್ಲ. ಅದು ಏನಿರಬಹುದೆಂದು ಯೋಚಿಸಿ ಯೋಚಿಸಿ ತಲೆ ಕೆಟ್ಟಿತು. ಕಾಯಿಲೆಯೇ? ಗಂಡನ ಜೊತೆ ಜಗಳವೇ? ಕೊನೆಗೆ ಯಾಯಾಳನ್ನೇ ಕೇಳಿದೆ.

“ನಿಮ್ಮಮ್ಮ ನನ್ನನ್ನ ಏನು ಕೇಳಬಹುದೇ?”

ಅವಳು ಬರವಣಿಗೆ ನಿಲ್ಲಿಸಿದಳು. “ಅಜ್ಜಿ, ನೀನು ಅಮ್ಮಂಗೆ ಯಾವತ್ತಾದ್ರೂ ಚೆನ್ನಾಗಿದೆ ಅಂದಿದೀಯಾ?”

“ಅನ್ನೋದ್ಯಾಕೆ? ಅವಳಿಗೆ ಗೊತ್ತು.”

“ಗೊತ್ತಿಲ್ಲ ಅಜ್ಜಿ. ನಂಗೂ ಗೊತ್ತಿರ್ಲಿಲ್ಲ.”

ಎಂದು ಮತ್ತೆ ಬರೆಯತೊಡಗಿದಳು. ನಾನು ಎದುರು ಕೂತೇ ಇದ್ದೆ.

ಯುನ್‌ಶಿಯಾ, ಆ ವರ್ಷದ ಪ್ರಶ್ನೆಪತ್ರಿಕೆ ಸುಲಭವಿರಲಿಲ್ಲ. ಕಷ್ಟವಿತ್ತೆಂದು ಕಾರ್ಖಾನೆಯ ಮೇಲ್ವಿಚಾರಕರ ಮಗ ಅತ್ತದ್ದು ನನಗೆ ಗೊತ್ತಿತ್ತು. ನಿನ್ನ ತಲೆಯಲ್ಲಿ ಹುಲ್ಲಿರಲಿಲ್ಲ. ನೀನು ಬುದ್ಧಿವಂತೆ, ನಮ್ಮ ಬೀದಿಯಲ್ಲಿ ನಿನ್ನಂಥವಳು ಹುಟ್ಟಿರಲಿಲ್ಲ. ಅಂದು ಮೆಟ್ಟಿಲ ಮೇಲೆ ನಿಂತಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಮಗಳನ್ನೂ ನೀನು ಚೆನ್ನಾಗಿ ಬೆಳೆಸಿದ್ದೀಯ. ಬಿದ್ದವರ ಹತ್ತಿರ ಬಗ್ಗುವ ಮಗು ಎಲ್ಲರ ಮನೆಯಲ್ಲೂ ಬೆಳೆಯುವುದಿಲ್ಲ.

ಇದನ್ನು ಅಲ್ಲಿಯ ನಮ್ಮವರ ಮುಂದೆ ಓದಬೇಡ, ತಾಯಿಯೇ ಮಗಳನ್ನು ಹೊಗಳಿದಳೆಂದು ನಗುತ್ತಾರೆ. ಈ ಸಾಲುಗಳನ್ನು ಹೊಡೆದುಹಾಕೋಣವೆಂದು ಎರಡು ಸಲ ಪೆನ್ನು ಎತ್ತಿದೆ, ಹೊಡೆದುಹಾಕಿಲ್ಲ. ಲಕೋಟೆ ಅಂಟಿಸಿ ಯಾಯಾಳ ಕೈಗೇ ಕೊಡುತ್ತಿದ್ದೇನೆ, ಅವಳೇ ಓಡಿಹೋಗಿ ಅಂಚೆಡಬ್ಬಿಗೆ ಹಾಕಿ ಬರಲಿ. ನಾನೇ ಹೊರಟರೆ ಸೇತುವೆ ದಾಟುವಷ್ಟರಲ್ಲಿ ವಾಪಸು ಬಂದುಬಿಡುತ್ತೇನೆ.

ನಿನ್ನ ಅಮ್ಮ